ಪುರಾಣದ ಕಥೆಯನ್ನು ನೀತಿಪಾಠ ಮಾಡದೆ ಮಕ್ಕಳಿಗೆ ಹೊಣೆ ಕಲಿಸುವುದು ಹೇಗೆ?

ಹಾರಂಗಿ_ಹಿನ್ನೀರು ಕೇಳಿದ್ದು:

ಕೊಡಗಿನ ನಾಪೋಕ್ಲು ಕಡೆಯ ಒಂದು ಪಂಚಾಯಿತಿ ಗ್ರಂಥಾಲಯದಲ್ಲಿ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ, ಸೆಪ್ಟೆಂಬರ್ ಕೊನೆಯಿಂದ ಶನಿವಾರದ ಕಥಾಕೂಟ ಶುರುವಾಗುತ್ತಿದೆ. ಎಂಟರಿಂದ ಹತ್ತನೇ ತರಗತಿಯವರು, ಹನ್ನೆರಡು ಮಕ್ಕಳು. ಸಿಗುವ ಸಮಯ 45 ನಿಮಿಷ. ಪುರಾಣದ ಕಥೆ ಇಟ್ಟುಕೊಂಡು ಮಕ್ಕಳು ತಮ್ಮ ಹೊಣೆಯನ್ನು ತಾವೇ ಯೋಚಿಸುವಂತೆ ಮಾಡಬೇಕು ಅನ್ನುವುದು ಉದ್ದೇಶ.

ಕಥೆ ಮುಗಿಸಿ "ಇದರ ನೀತಿ ಏನು?" ಅಂದರೆ ಎಲ್ಲರೂ ಒಂದೇ ರಾಗದಲ್ಲಿ "ಸದಾ ಸತ್ಯ ನುಡಿಯಬೇಕು" ಅನ್ನುತ್ತಾರೆ, ಅಲ್ಲಿಗೆ ಬಾಗಿಲು ಮುಚ್ಚಿತು. ಇನ್ನು ಕೆಲವರು "ಎಲ್ಲಾ ವಿಧಿ" ಅಂತ ಕೈತೊಳೆದುಕೊಳ್ಳುತ್ತಾರೆ. ಯಾವ ಕಥೆ ಆರಿಸಬೇಕು, ಎಲ್ಲಿ ನಿಲ್ಲಿಸಬೇಕು, ಏನು ಕೇಳಬೇಕು? ತುಲಾ ಸಂಕ್ರಮಣ, ಅಂದರೆ ತಲಕಾವೇರಿಯ ತೀರ್ಥೋದ್ಭವದ ದಿನ, ಹತ್ತಿರ ಇರುವುದರಿಂದ ಕಾವೇರಿಯ ಕಥೆಯಿಂದಲೇ ತೊಡಗಬಹುದೇ?

---

ದುಡಿಕೊಟ್ಟ್ ಉತ್ತರ:

ಕಾವೇರಿಯಿಂದಲೇ ತೊಡಗಿ. ಆದರೆ ಕಥೆಯನ್ನು ಪೂರ್ತಿ ಹೇಳಬೇಡಿ. ಮುಗಿದ ಕಥೆಯ ಮೇಲೆ ಪ್ರಶ್ನೆ ಕೇಳಿದರೆ ಮಗು ನ್ಯಾಯಾಧೀಶನ ಕುರ್ಚಿಯಲ್ಲಿ ಕೂತು ತೀರ್ಪು ಕೊಡುತ್ತದೆ. ನಡುವೆ ನಿಲ್ಲಿಸಿ ಕೇಳಿದರೆ ಪಾತ್ರದ ಪಕ್ಕದಲ್ಲಿ ನಿಂತು ದಾರಿ ಹುಡುಕುತ್ತದೆ. ನೀವು ಹೇಳುವ ತೊಂದರೆಯ ಬಹುಪಾಲು ಇಷ್ಟರಲ್ಲೇ ಇದೆ.

ನಮ್ಮಲ್ಲಿ ಹೇಳುವ ಕಥೆಯಲ್ಲಿ ಕವೇರ ಮುನಿಯ ಮಗಳು ಅಗಸ್ತ್ಯರನ್ನು ಮದುವೆಯಾಗಲು ಒಂದು ಷರತ್ತು ಹಾಕುತ್ತಾಳೆ: ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು. ಒಂದು ದಿನ ಅಗಸ್ತ್ಯರು ಅವಳನ್ನು ಕಮಂಡಲದಲ್ಲಿರಿಸಿ, ಶಿಷ್ಯರನ್ನು ಕಾವಲಿಗೆ ಬಿಟ್ಟು, ಕನ್ನಿಕೆ ಹೊಳೆಯಲ್ಲಿ ಸ್ನಾನಕ್ಕೆ ಹೊರಡುತ್ತಾರೆ. ಕಮಂಡಲ ನೆಲಕ್ಕಿಟ್ಟರು ಅನ್ನುವಲ್ಲಿಗೆ ನಿಲ್ಲಿಸಿ.

ಸಮಯ ಹೀಗೆ ಹಂಚಿ. ಹೇಳುವುದಕ್ಕೆ 10 ನಿಮಿಷ. ಮುಂದಿನ 5 ನಿಮಿಷ ಯಾರೂ ಮಾತಾಡಬಾರದು, "ಈಗ ಅಗಸ್ತ್ಯರ ಮುಂದೆ ಯಾವ ಯಾವ ದಾರಿಗಳಿವೆ?" ಎಂಬುದಕ್ಕೆ ಕನಿಷ್ಠ ಮೂರು ದಾರಿ ಬರೆಯಬೇಕು. ಮೂರು ಯಾಕೆಂದರೆ ಎರಡು ಕೇಳಿದರೆ ಸರಿ ಒಂದು, ತಪ್ಪು ಒಂದು ಅಂತ ಬರೆದು ಸುಮ್ಮನಾಗುತ್ತಾರೆ. ಮೂರನೆಯದಕ್ಕೆ ತಲೆ ಓಡಲೇಬೇಕು. ಕಮಂಡಲ ಜೊತೆಗೇ ಒಯ್ಯಬಹುದು, ಅವಳನ್ನೇ ಕೇಳಬಹುದು, ಸ್ನಾನ ಬಿಡಬಹುದು. ಆಮೇಲೆ 15 ನಿಮಿಷ ಮಾತು, 5 ನಿಮಿಷದಲ್ಲಿ ಉಳಿದ ಕಥೆ (ಕಮಂಡಲ ಉರುಳಿ ಅವಳು ಹೊಳೆಯಾಗಿ ಹರಿದು ಹೊರಟದ್ದು), ಕೊನೆಯ 10 ನಿಮಿಷ ಚೀಟಿ ಬರೆಯಲು. ಬರೆಯದೆ ನೇರ ಮಾತಿಗಿಳಿದರೆ ಬಾಯಿ ಜೋರಿರುವ ಇಬ್ಬರೇ ಸಭೆ ನಡೆಸಿಬಿಡುತ್ತಾರೆ, ಉಳಿದ ಹತ್ತು ಮಂದಿ ತಲೆಯಾಡಿಸುತ್ತಾರೆ.

ಮಾತಿನ ಹೊತ್ತಿನಲ್ಲಿ ತಪ್ಪದೆ ಕೇಳಬೇಕಾದ್ದು: ಆ ಷರತ್ತು ಶಿಷ್ಯರಿಗೆ ಗೊತ್ತಿತ್ತೇ? ಸಾಮಾನ್ಯವಾಗಿ ಹೇಳುವ ಕಥೆಯಲ್ಲಿ ಈ ಮಾತೇ ಬರುವುದಿಲ್ಲ. "ನೋಡಿಕೋ" ಅಂದರು ಅಷ್ಟೆ. ಕಾವಲು ವಹಿಸಿಕೊಟ್ಟರು, ಕಾವಲಿನ ಕಾರಣ ವಹಿಸಿಕೊಟ್ಟರೋ ಇಲ್ಲವೋ? ಹತ್ತನೇ ತರಗತಿಯವರಿಗೆ ಇದು ತಟ್ಟನೆ ಹತ್ತುತ್ತದೆ, ತಮ್ಮನನ್ನು ನೋಡಿಕೋ ಅಂತ ಹೇಳಿಸಿಕೊಂಡವರೇ ಎಲ್ಲರೂ.

ಮರುವಾರ ಪುಣ್ಯಕೋಟಿ ತನ್ನಿ. ಸತ್ಯವಾಕ್ಯದ ಹಸು ಅಂತ ಎಲ್ಲರಿಗೂ ಬಾಯಿಪಾಠ. ಹುಲಿಯ ಬಳಿಗೆ ಹಿಂತಿರುಗುವ ಮೊದಲು ಅವಳು ಮಾಡುವ ಕೆಲಸವನ್ನು ಯಾರೂ ಗಮನಿಸುವುದಿಲ್ಲ. ದೊಡ್ಡಿಯ ಹಸುಗಳನ್ನೆಲ್ಲ ಕರೆದು, ಕರು ಮುಂದೆ ಬಂದರೆ ಏನು ಮಾಡಬಾರದು, ಹಿಂದೆ ಬಂದರೆ ಏನು ಮಾಡಬಾರದು ಅಂತ ಬಿಡಿಸಿ ಹೇಳಿ ಒಪ್ಪಿಸುತ್ತಾಳೆ. ಕೊಟ್ಟ ಮಾತು ಒಂದು ಕಡೆ, ಕರುವಿನ ಹೊಣೆ ಇನ್ನೊಂದು ಕಡೆ, ಎರಡನ್ನೂ ಬಿಡಲಿಲ್ಲ. ಕಮಂಡಲದ ಪಕ್ಕದಲ್ಲಿ ಇದನ್ನಿಟ್ಟರೆ ಹೊಣೆ ಒಪ್ಪಿಸುವುದು ಹೇಗೆ ಅನ್ನುವುದು ಮಕ್ಕಳ ಬಾಯಿಂದಲೇ ಬರುತ್ತದೆ. ನೀವು ಹೇಳಬೇಡಿ, ದಯವಿಟ್ಟು.

---

ಕಕ್ಕಬ್ಬೆ_ಜೇನು ಉತ್ತರ:

ಮೇಲಿನ ಕ್ರಮ ಚೆನ್ನಾಗಿದೆ, ಆದರೆ ಒಂದು ಕಡೆ ಎಚ್ಚರ ಬೇಕು. ಕಾವೇರಿ ಇಲ್ಲಿ ಬರೀ ಕಥೆಯ ಪಾತ್ರವಲ್ಲ. ಸಂಕ್ರಮಣದಲ್ಲಿ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ವಸ್ತ್ರ ಸುತ್ತಿ, ಬಳೆ, ಹೂವು ಇಟ್ಟು ಕಣಿಪೂಜೆ ಮಾಡುವ ಮನೆಗಳ ಮಕ್ಕಳು ನಿಮ್ಮ ಮುಂದೆ ಕೂತಿರುತ್ತಾರೆ. "ಗಂಡನನ್ನು ಬಿಟ್ಟು ಹೋಗಿದ್ದು ಸರಿಯೇ?" ಎಂಬ ಪ್ರಶ್ನೆ ಮನೆ ತಲುಪಿದರೆ ಮುಂದಿನ ಶನಿವಾರ ಮಕ್ಕಳು ಬರುವುದಿಲ್ಲ. ದೇವರನ್ನು ಕಟಕಟೆಗೆ ನಿಲ್ಲಿಸುವ ಪ್ರಶ್ನೆ ಬೇಡ. ಮನುಷ್ಯರು ಏನು ಮಾಡಿದರು, ಏನು ಮಾಡಬಹುದಿತ್ತು ಅಂತ ಕೇಳಿ. ಅಗಸ್ತ್ಯರು, ಶಿಷ್ಯರು, ದಡದಲ್ಲಿ ನಿಂತ ಜನ, ಇವರೇ ಸಾಕು.

ದಡದ ಜನ ಅಂದೆ. ಬಲಮುರಿಯ ಕಥೆ ನಾಪೋಕ್ಲಿನ ಮಕ್ಕಳಿಗೆ ಹೊಸದಲ್ಲ, ಊರೂ ದೂರವಿಲ್ಲ. ಹರಿದು ಹೋಗುತ್ತಿದ್ದವಳನ್ನು ತಡೆಯಲು ಜನ ನೀರಿಗಿಳಿದರು, ಸೆಳೆತಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ತಿರುಗಿತು, ಕೊಡವ ಹೆಂಗಸರು ಇಂದಿಗೂ ನೆರಿಗೆ ಹಿಂದೆ ಉಡುವುದು ಅದಕ್ಕೇ ಅನ್ನುತ್ತಾರೆ. ಇಲ್ಲಿ ಕೇಳಬಹುದಾದ ಪ್ರಶ್ನೆ: ಪ್ರೀತಿಯಿಂದ ತಡೆಯುವುದು ಯಾವಾಗ ಅಡ್ಡಿಯಾಗುತ್ತದೆ? ಓದಲು ಮೈಸೂರಿಗೋ ಬೆಂಗಳೂರಿಗೋ ಹೊರಡಲಿರುವ ವಯಸ್ಸಿನವರಿಗೆ ಈ ಕಥೆ ಅಗಸ್ತ್ಯರ ಕಥೆಗಿಂತ ಹೆಚ್ಚು ನಾಟುತ್ತದೆ ಅಂತ ನನ್ನ ಅನಿಸಿಕೆ.

ಇನ್ನೊಂದು, ಪಾಠಾಂತರ. ಒಬ್ಬ ಹುಡುಗನಾದರೂ ಎದ್ದು "ಗಣಪತಿ ಕಾಗೆಯಾಗಿ ಬಂದು ಕಮಂಡಲ ಉರುಳಿಸಿದ್ದಲ್ಲವಾ?" ಅನ್ನುತ್ತಾನೆ. ಆ ಕಥೆ ತಮಿಳುನಾಡಿನ ಕಡೆ ಹೆಚ್ಚು. ಅದು ತಪ್ಪು, ಇದು ಸರಿ ಅನ್ನಬೇಡಿ. ಬೋರ್ಡಿನಲ್ಲಿ ಮೂರು ವಾಕ್ಯ ಬರೆಯಿರಿ:

ಕಮಂಡಲ ಉರುಳಿತು.
ಕಾಗೆ ಕಮಂಡಲ ಉರುಳಿಸಿತು.
ಕಾವೇರಿ ಹೊರಟಳು.

ನಡೆದದ್ದು ಒಂದೇ, ಮಾಡಿದವರು ಬೇರೆ. ಮೊದಲ ವಾಕ್ಯದಲ್ಲಂತೂ ಮಾಡಿದವರೇ ಇಲ್ಲ. ಈಗ ಮಕ್ಕಳು ದಿನಾ ಆಡುವ ಮಾತು ಕೆಳಗೆ ಬರೆಯಿರಿ: "ಲೋಟ ಒಡೆದುಹೋಯಿತು", "ಹೋಂವರ್ಕ್ ಮರೆತುಹೋಯಿತು", "ಲೇಟಾಯಿತು". ಕನ್ನಡದ ಈ "ಹೋಯಿತು", "ಆಯಿತು" ಇವೆಯಲ್ಲ, ಹೊಣೆ ಅಡಗಿಸಿಡಲು ಇಷ್ಟು ಒಳ್ಳೆಯ ಅಟ್ಟ ಬೇರೆ ಇಲ್ಲ. ಪ್ರತಿ ವಾಕ್ಯವನ್ನೂ "ನಾನು" ಇಟ್ಟು ತಿದ್ದಿ ಬರೆಯಲು ಹೇಳಿ. "ನಾನು ಮರೆತೆ" ಅಂತ ಬರೆಯಲು ಪೆನ್ನು ಎಷ್ಟು ತಡೆಯುತ್ತದೆ ನೋಡಿ. ಹಾಗಂತ ಎಲ್ಲ "ಹೋಯಿತು"ವೂ ಕಳ್ಳನಲ್ಲ. ಮಳೆಗೆ ಸೇತುವೆ ಮುಳುಗಿ ಬಸ್ಸು ಬರದಿದ್ದರೆ ಅದು ನಿಜಕ್ಕೂ ಲೇಟಾದದ್ದೇ. ಎರಡನ್ನೂ ಬೇರೆ ಮಾಡಿಸದಿದ್ದರೆ, ಎಲ್ಲವನ್ನೂ ತಲೆಯ ಮೇಲೆ ಎಳೆದುಕೊಳ್ಳುವ ಅಳುಬುರುಕ ಮಗು ಇನ್ನಷ್ಟು ಕುಗ್ಗುತ್ತದೆ.

---

ಅರ್ಧ_ಗಮಕಿ ಉತ್ತರ:

"ಎಲ್ಲಾ ವಿಧಿ" ಅನ್ನುವವರಿಗೆ ಯಕ್ಷನ ಕೊಳದ ಪ್ರಸಂಗ ಇದೆ. ಪ್ರಶ್ನೋತ್ತರ ಬೇಡ, ಅದು ಕ್ವಿಜ್ ಆಗಿಬಿಡುತ್ತದೆ. ಅದಕ್ಕಿಂತ ಮೊದಲಿನ ಭಾಗ ಹಿಡಿಯಿರಿ. ನಕುಲ ಬಂದ, "ಮೊದಲು ಉತ್ತರ ಹೇಳು, ಆಮೇಲೆ ಕುಡಿ" ಎಂಬ ದನಿ ಕೇಳಿಸಿತು, ಕುಡಿದ, ಬಿದ್ದ. ಆಮೇಲೆ ಸಹದೇವ, ಅರ್ಜುನ, ಭೀಮ. ನಕುಲನಿಗೆ ಅಪಾಯ ಗೊತ್ತಿರಲಿಲ್ಲ ಅನ್ನೋಣ. ಭೀಮನ ಕಣ್ಣೆದುರು ಮೂವರು ಬಿದ್ದಿದ್ದರು, ಎಚ್ಚರಿಕೆಯೂ ಕೇಳಿಸಿತ್ತು. ಬಾಯಾರಿಕೆ ನಾಲ್ವರಿಗೂ ಒಂದೇ, ಹೊಣೆಯೂ ಒಂದೇ ಅಳತೆಯದೇ? ಮಕ್ಕಳಿಂದ ನಾಲ್ವರಿಗೂ ಹತ್ತರಲ್ಲಿ ಅಂಕ ಹಾಕಿಸಿ, ಪ್ರತಿ ಅಂಕಕ್ಕೆ ಒಂದು ಕಾರಣ ಬರೆಸಿ. ಅಂಕ ಮುಖ್ಯವಲ್ಲ, ನಕುಲನಿಗೂ ಭೀಮನಿಗೂ ನಡುವಿನ ಅಂತರಕ್ಕೆ ಅವರು ಕೊಡುವ ಕಾರಣ ಮುಖ್ಯ. ಗೊತ್ತಿದ್ದಷ್ಟೂ ಹೊಣೆ ಹೆಚ್ಚು ಅನ್ನುವುದನ್ನು ತಾವೇ ಕಟ್ಟಿಕೊಳ್ಳುತ್ತಾರೆ.

ಒಬ್ಬನನ್ನು ಬದುಕಿಸುತ್ತೇನೆ, ಯಾರು ಬೇಕು ಅಂತ ಯಕ್ಷ ಕೇಳುವಲ್ಲಿ ಮತ್ತೆ ನಿಲ್ಲಿಸಿ. ಮುಕ್ಕಾಲು ಪಾಲು ಮಕ್ಕಳು ಭೀಮ ಅಥವಾ ಅರ್ಜುನ ಅನ್ನುತ್ತಾರೆ, ಯುದ್ಧ ಗೆಲ್ಲಬೇಕಲ್ಲ. ಧರ್ಮರಾಯ ನಕುಲನನ್ನು ಕೇಳುತ್ತಾನೆ: ಕುಂತಿಗೆ ನಾನಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ. ಮಾದ್ರಿ ಆಗ ಬದುಕಿಯೇ ಇಲ್ಲ. ಕೇಳುವವರೇ ಇಲ್ಲದ ಕಡೆ ಇರುವ ಹೊಣೆ ಅದು. ಇದನ್ನು ವಿವರಿಸಲು ಹೋಗಬೇಡಿ, "ಮಾದ್ರಿ ಎಲ್ಲಿದ್ದಾಳೆ ಈಗ?" ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಿರಿ.

ಕರ್ಣನನ್ನು ಮೊದಲ ಎರಡು ತಿಂಗಳು ಮುಟ್ಟಬೇಡಿ. ಪಂಪನ ಕಾಲದಿಂದ ಕನ್ನಡಿಗರಿಗೆ ಕರ್ಣನೆಂದರೆ ಕಣ್ಣು ತುಂಬುತ್ತದೆ, ಟಿವಿ ಧಾರಾವಾಹಿಗಳು ಅದನ್ನು ಇಮ್ಮಡಿ ಮಾಡಿವೆ. ತೊಂದರೆ ಏನೆಂದರೆ, ಮಕ್ಕಳು ಅವನಿಗಾದ ಅನ್ಯಾಯವನ್ನು ಹಿಡಿದು ಅವನು ಮಾಡಿದ್ದನ್ನೆಲ್ಲ ಮನ್ನಾ ಮಾಡುತ್ತಾರೆ. ಹುಟ್ಟಿದ ದಿನವೇ ಹೊಳೆಗೆ ಬಿಟ್ಟದ್ದು ಅವನ ಕೈಯಲ್ಲಿರಲಿಲ್ಲ. ಸಭೆಯಲ್ಲಿ ದ್ರೌಪದಿಯ ಬಗ್ಗೆ ಆಡಿದ ಮಾತು ಅವನ ಬಾಯಲ್ಲೇ ಇತ್ತು. ತೆಗೆದುಕೊಂಡಾಗ ಎರಡು ಪಟ್ಟಿ ಮಾಡಿಸಿ: ಅವನಿಗೆ ಆದದ್ದು, ಅವನು ಮಾಡಿದ್ದು. ಒಂದು ಪಟ್ಟಿಯ ಬಾಕಿಯನ್ನು ಇನ್ನೊಂದರಲ್ಲಿ ವಜಾ ಮಾಡಲು ಬಿಡಬೇಡಿ. ಕುಂತಿ ಬಂದು ಕೇಳಿದಾಗ ಅರ್ಜುನನೊಬ್ಬನನ್ನು ಬಿಟ್ಟು ಉಳಿದವರನ್ನು ಕೊಲ್ಲುವುದಿಲ್ಲ, ನಿನಗೆ ಐವರು ಮಕ್ಕಳು ಉಳಿಯುತ್ತಾರೆ ಅನ್ನುತ್ತಾನೆ. ಇದೂ ಎರಡನೇ ಪಟ್ಟಿಗೇ ಸೇರಬೇಕು, ಆಗ ಪಟ್ಟಿ ಬರೀ ಆರೋಪಪಟ್ಟಿ ಆಗುವುದಿಲ್ಲ.

---

ಮೂರ್ನಾಡು_ಮಳೆ ಉತ್ತರ:

ಕಥೆಯ ಬಗ್ಗೆ ಮೇಲಿನವರು ಹೇಳಿಯಾಯಿತು. ಕೂಟ ಯಾಕೆ ಕೆಡುತ್ತದೆ ಅನ್ನುವುದು ಉಳಿದಿದೆ.

"ನಿಮ್ಮ ಐನ್‌ಮನೆಯ ಕಾರಣವರ ಕಥೆ ಕೇಳಿ ಬನ್ನಿ" ಎಂಬ ಮನೆಗೆಲಸ ಕೊಡುವ ಆಸೆ ಬರುತ್ತದೆ (ಐನ್‌ಮನೆ ಅಂದರೆ ಕೊಡವ ಮನೆತನದ ಮೂಲಮನೆ, ಕಾರಣವ ಅಂದರೆ ಅದರ ಮೂಲಪುರುಷ). ಕೊಡಬೇಡಿ. ಹನ್ನೆರಡರಲ್ಲಿ ನಾಲ್ಕೈದು ಮಕ್ಕಳು ತೋಟದ ಕಾರ್ಮಿಕರ ಲೈನ್‌ಮನೆಯವರಿರಬಹುದು, ಯರವ ಬುಡಕಟ್ಟಿನವರಿರಬಹುದು, ಹೊರ ರಾಜ್ಯದಿಂದ ಕೆಲಸಕ್ಕೆ ಬಂದವರ ಮಕ್ಕಳಿರಬಹುದು. "ಯಾರಿಂದಲಾದರೂ ಒಂದು ಕಥೆ ಕೇಳಿ ಬನ್ನಿ" ಅಂದರೆ ಸಾಕು. ಕೊಡವರ ಹಾಡುಗಳ ಮೂಲ ಬೇಕಾದರೆ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಹೊರತಂದ ಪಟ್ಟೋಲೆ ಪಳಮೆ ಇದೆ, ಅದನ್ನು ನೀವು ಓದಿಟ್ಟುಕೊಳ್ಳಿ.

ಭಾಷೆ: ಕಥೆಯನ್ನು ಮರಳಿ ಹೇಳುವಾಗ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ, ಯಾವುದಾದರೂ ಸರಿ. ಬರೆಯುವುದು ಮಾತ್ರ ಕನ್ನಡದಲ್ಲಿ. ಮೊದಲೇ ಪುಸ್ತಕದ ಕನ್ನಡಕ್ಕೆ ನೂಕಿದರೆ ಗಿಳಿಪಾಠದ ವಾಕ್ಯಗಳೇ ಹೊರಬರುತ್ತವೆ. "ಸದಾ ಸತ್ಯ ನುಡಿಯಬೇಕು" ಬರುವುದು ಅಲ್ಲಿಂದಲೇ, ಮನೆಯಲ್ಲಿ ಯಾರೂ "ನುಡಿಯುವುದಿಲ್ಲ".

ಪಾತ್ರ ಹಂಚುವಾಗ "ನೀನೇ ದುರ್ಯೋಧನ" ಅಂತ ಬೆರಳು ತೋರಿಸಬೇಡಿ, ಆ ಹೆಸರು ವರ್ಷಪೂರ್ತಿ ಅಂಟಿಕೊಳ್ಳುತ್ತದೆ. ಚೀಟಿ ಎತ್ತಿಸಿ. ಮಕ್ಕಳು ತಮ್ಮ ಮನೆಯ ಜಗಳ ಹೇಳಲು ಶುರುಮಾಡಿದರೆ ನಯವಾಗಿ ಕಥೆಗೇ ತಿರುಗಿಸಿ. ಏನಾದರೂ ಗಂಭೀರವಾದದ್ದು ಕಂಡರೆ ಕೂಟದಲ್ಲಿ ಕೆದಕದೆ ಬೇರೆಯಾಗಿ ಕೂತು ಕೇಳಿ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಬರೆದಿರಲಿ.

ಕ್ಯಾಲೆಂಡರ್: ಅಕ್ಟೋಬರ್ ನಡುವಿನ ಸಂಕ್ರಮಣದ ವಾರ ಯಾರೂ ಬರುವುದಿಲ್ಲ. ಪುತ್ತರಿ (ಹುತ್ತರಿ) ಸುಗ್ಗಿಹಬ್ಬದ ಆಚೀಚೆಯೂ ಅಷ್ಟೆ. ಡಿಸೆಂಬರ್‌ನಿಂದ ಕಾಫಿ ಕುಯ್ಲು, ಲೈನ್‌ಮನೆಯ ದೊಡ್ಡ ಮಕ್ಕಳಿಗೆ ಶನಿವಾರ ತಮ್ಮ-ತಂಗಿಯರನ್ನು ನೋಡಿಕೊಳ್ಳುವ ಕೆಲಸ. ಅವರು ಹೊಣೆ ತಪ್ಪಿಸಿದ್ದಲ್ಲ, ಇನ್ನೊಂದು ಹೊಣೆಯಲ್ಲಿದ್ದಾರೆ ಅನ್ನುವುದನ್ನು ಹಾಜರಿ ಕರೆಯುವಾಗ ಮರೆಯಬೇಡಿ. ಚಿಕ್ಕವರನ್ನೂ ಕರೆತರಲಿ, ಮೂಲೆಯಲ್ಲಿ ಬಣ್ಣದ ಪೆನ್ಸಿಲ್ ಇಡಿ.

---

ಹಾರಂಗಿ_ಹಿನ್ನೀರು:

ತುಂಬಾ ಉಪಯೋಗವಾಯಿತು, "ಹೋಯಿತು–ಆಯಿತು" ಅಭ್ಯಾಸ ಮೊದಲ ವಾರಕ್ಕೇ ಇಟ್ಟುಕೊಳ್ಳುತ್ತೇನೆ. @ದುಡಿಕೊಟ್ಟ್, ಕೊನೆಯ 10 ನಿಮಿಷದ ಚೀಟಿಯಲ್ಲಿ ಏನು ಬರೆಸಬೇಕು ಅಂತ ಹೇಳಲಿಲ್ಲ.

---

ದುಡಿಕೊಟ್ಟ್ ಉತ್ತರ:

ಕೈಬಿಟ್ಟು ಹೋಯಿತು... ಅಲ್ಲ, ನಾನು ಬಿಟ್ಟೆ!

ಅಂಗೈಯಗಲದ ಚೀಟಿ, ನಾಲ್ಕು ಸಾಲು: ಏನು ಮಾಡುತ್ತೇನೆ, ಯಾರಿಗಾಗಿ, ಯಾವ ದಿನದೊಳಗೆ, ಆಗದಿದ್ದರೆ ಯಾರಿಗೆ ಮೊದಲೇ ತಿಳಿಸುತ್ತೇನೆ. ನಾಲ್ಕನೇ ಸಾಲು ಬಿಡಿಸಬೇಡಿ, ಅಗಸ್ತ್ಯರ ಕಮಂಡಲ ಉರುಳಿದ್ದು ಆ ಸಾಲಿಲ್ಲದೆಯೇ. ಕೆಲಸ ಒಂದು ವಾರದಲ್ಲಿ ಮುಗಿಯುವಷ್ಟು ಸಣ್ಣದಿರಲಿ. "ಚೆನ್ನಾಗಿ ಓದುತ್ತೇನೆ" ಅಂತ ಬರೆದರೆ ವಾಪಸ್ ಕೊಡಿ. "ಬುಧವಾರದೊಳಗೆ ಗ್ರಂಥಾಲಯದ ಪುಸ್ತಕ ಹಿಂದಿರುಗಿಸುತ್ತೇನೆ" ನಡೆಯುತ್ತದೆ. ಚೀಟಿ ಮಗುವಿನ ಹತ್ತಿರವೇ ಇರಲಿ, ನೀವು ಸಂಗ್ರಹಿಸಿದರೆ ಅದು ನಿಮಗೆ ಕೊಟ್ಟ ಮಾತಾಗುತ್ತದೆ. ಮುಂದಿನ ವಾರ "ಆಯಿತಾ?" ಅಂತ ಎಲ್ಲರೆದುರು ಕೇಳಬೇಡಿ, ಸುಳ್ಳು ಹೇಳಲು ಅದೇ ತರಬೇತಿ. ಮೂರು ವಾರಕ್ಕೊಮ್ಮೆ ತಾವೇ ಚೀಟಿ ತೆಗೆದು ನೋಡಿ, ಆಗದಿದ್ದುದರ ಹಿಂದೆ ಒಂದು ವಾಕ್ಯ ಬರೆಯಲಿ, "ನಾನು" ಇಂದ ಶುರುವಾಗುವ ವಾಕ್ಯ.

ನಾಲ್ಕನೇ ವಾರಕ್ಕೆ ನಚಿಕೇತ ಇಟ್ಟುಕೊಳ್ಳಿ, ಅಪ್ಪ ಸಿಟ್ಟಿನಲ್ಲಿ "ನಿನ್ನನ್ನು ಯಮನಿಗೆ ಕೊಟ್ಟೆ" ಅಂದಾಗ ಯಮನ ಮನೆಗೇ ಹೋದ ಕಠೋಪನಿಷತ್ತಿನ ಹುಡುಗ. ಮೂರು ರಾತ್ರಿ ಕಾದದ್ದಕ್ಕೆ ಯಮ ಮೂರು ವರ ಕೊಟ್ಟ ಅನ್ನುವಲ್ಲಿ ನಿಲ್ಲಿಸಿ, ಮೊದಲ ವರ ಏನಿರಬಹುದು ಅಂತ ಬರೆಸಿ. ಸಾವಿನ ಗುಟ್ಟು, ಸ್ವರ್ಗ, ಅಮರತ್ವ ಅಂತೆಲ್ಲ ಬರುತ್ತದೆ. ಅವನು ಕೇಳಿದ್ದು, ಮನೆಗೆ ಹೋದಾಗ ಅಪ್ಪನ ಸಿಟ್ಟು ಇಳಿದಿರಲಿ ಅಂತ.