ಪದಚರ್ಚೆ: ‘ಸ್ವಯಂ ನಿರೋಧಕ ಕಾಯಿಲೆ’ – ಇಲ್ಲಿ ಯಾರು ಯಾರನ್ನು ತಡೆಯುತ್ತಿದ್ದಾರೆ?

ಬಳಗದ ಎಲ್ಲರಿಗೂ ನಮಸ್ಕಾರ.

ದೇಹದ ರಕ್ಷಣೆಯೇ ನರಗಳ ಮೇಲೆ ಬಿದ್ದು ಕೈಕಾಲಿನ ಬಲ ಕಳೆಯುವ ಜಿಬಿಎಸ್ ಎಂಬ ಕಾಯಿಲೆಯ ರೋಗಿಗಳ ಮನೆಯವರಿಗಾಗಿ ಕನ್ನಡದಲ್ಲಿ ಒಂದು ಕರಪತ್ರ ಬರೆಯುತ್ತಿದ್ದೇನೆ. 1916ರಲ್ಲಿ ಈ ಕಾಯಿಲೆಯನ್ನು ವಿವರಿಸಿದ ಮೂವರು ಫ್ರೆಂಚ್ ವೈದ್ಯರಲ್ಲಿ ಇಬ್ಬರ ಹೆಸರು ಸೇರಿ ಗಿಯನ್-ಬಾರೆ ಸಿಂಡ್ರೋಮ್ ಎಂದಾಯಿತು. ಮೂರನೆಯವರಾದ ಸ್ಟ್ರೋಲ್ ಅವರ ಹೆಸರು ಬಿಟ್ಟೇ ಹೋಯಿತು. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ ಈ ಕಾಯಿಲೆ ಒಮ್ಮೆಲೇ ಹೆಚ್ಚಿದಾಗ ನಮ್ಮ ಪತ್ರಿಕೆಗಳಲ್ಲೂ ಅದರ ಸುದ್ದಿ ತುಂಬಿಕೊಂಡಿತ್ತು. ಕಲುಷಿತ ನೀರಿನ ಮೇಲೆ ಅನುಮಾನ ಬಿತ್ತು. ಕೆಲವು ರೋಗಿಗಳ ಮಲದ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಆ ದಿನಗಳ ವರದಿಗಳಲ್ಲಿ ಹೆಚ್ಚಾಗಿ ಕಂಡ ವಿವರಣೆ ‘ಇದೊಂದು ಸ್ವಯಂ ನಿರೋಧಕ ಕಾಯಿಲೆ’ ಎಂಬುದು. ಇಂಗ್ಲಿಷಿನ ‘ಆಟೋಇಮ್ಯೂನ್’ ಎಂಬುದಕ್ಕೆ ಇಟ್ಟ ಕನ್ನಡ ಪದ ಇದು. ನನ್ನ ತಕರಾರು ಮುಖ್ಯವಾಗಿ ಈ ಪದದ ಮೇಲೆಯೇ.

ಕನ್ನಡದಲ್ಲಿ ‘ನಿರೋಧಕ’ ಬಂದ ಕಡೆಯೆಲ್ಲ ಅದರ ಹಿಂದಿನ ಪದವೇ ತಡೆಯಲ್ಪಡುವ ವಸ್ತು. ಜಲನಿರೋಧಕ ನೀರನ್ನು ತಡೆಯುತ್ತದೆ, ಗುಂಡುನಿರೋಧಕ ಗುಂಡನ್ನು ತಡೆಯುತ್ತದೆ, ರೋಗನಿರೋಧಕ ಶಕ್ತಿ ರೋಗವನ್ನು ತಡೆಯುತ್ತದೆ. ‘ಸ್ವಯಂ’ ಎಂಬುದು ಹೆಚ್ಚಿನ ಕಡೆ ಮಾಡುವವನನ್ನು ಹೇಳುತ್ತದೆಯೇ ಹೊರತು ಏಟು ತಿನ್ನುವವನನ್ನಲ್ಲ. ಸ್ವಯಂಚಾಲಿತ ಎಂದರೆ ತಾನಾಗಿ ನಡೆಯುವುದು, ಸ್ವಯಂಪಾಕ ಎಂದರೆ ತಾನೇ ಮಾಡಿಕೊಳ್ಳುವ ಅಡುಗೆ, ಸ್ವಯಂವರ ಎಂದರೆ ತಾನೇ ಆರಿಸಿಕೊಳ್ಳುವುದು. ಎರಡನ್ನೂ ಕೂಡಿಸಿ ‘ಸ್ವಯಂ ನಿರೋಧಕ ಕಾಯಿಲೆ’ ಎಂದರೆ ಓದುಗನಿಗೆ ತಿಳಿಯುವುದು ‘ತನ್ನಷ್ಟಕ್ಕೇ ತಡೆದುಕೊಳ್ಳುವ ಕಾಯಿಲೆ’ ಎಂದೋ ‘ರೋಗನಿರೋಧಕ ಶಕ್ತಿ ಕಡಿಮೆಯಾಗಿ ಬಂದ ಕಾಯಿಲೆ’ ಎಂದೋ. ದೇಹದ ರಕ್ಷಣೆಯೇ ದೇಹದ ಮೇಲೆ ಬಿದ್ದಿದೆ ಎಂಬ ಅರ್ಥ ಮಾತ್ರ ಹೊರಡುವುದೇ ಇಲ್ಲ.

ಇದರಿಂದ ಆಗುವ ತೊಂದರೆ ಸಣ್ಣದಲ್ಲ. ಹದಿನಾರರ ಮಗನನ್ನು ವಾರ್ಡಿಗೆ ಸೇರಿಸಿದ್ದ ತಾಯಿಯೊಬ್ಬರು ಫ್ಲಾಸ್ಕಿನಲ್ಲಿ ಅಮೃತಬಳ್ಳಿಯ ಕಷಾಯ ತಂದಿದ್ದರು. ಮಗನಿಗೆ ‘ನಿರೋಧಕ ಶಕ್ತಿ’ ಕಡಿಮೆಯಾಗಿದೆ ಎಂದು ಅವರು ನಂಬಿದ್ದರು. ಆ ನಂಬಿಕೆಗೆ ಕಾರಣ ಕೈಯಲ್ಲಿದ್ದ ಚೀಟಿಯ ಮೇಲಿನ ಪದ. ಮೇಲಾಗಿ ರಕ್ತನಾಳಕ್ಕೆ ಹನಿಹನಿಯಾಗಿ ಕೊಡುತ್ತಿದ್ದ ಔಷಧದ ಹೆಸರು ಇಮ್ಯುನೋಗ್ಲಾಬ್ಯುಲಿನ್. ‘ಇಮ್ಯೂನಿಟಿ ಇಂಜೆಕ್ಷನ್ ಕೊಡುತ್ತಿದ್ದಾರೆ, ಅಂದರೆ ಕಡಿಮೆ ಇದೆ ಎಂದೇ ಅಲ್ಲವೇ ಮೇಡಂ?’ ಎಂದು ಅವರು ಕೇಳಿದರು. ಆ ತರ್ಕದಲ್ಲಿ ಒಂದು ಎಳೆಯೂ ತಪ್ಪಿಲ್ಲ. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯಗಳನ್ನು (ಸೋಂಕನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನುಗಳನ್ನು) ಕೊಡುವುದು ಇಲ್ಲಿ ಕೊರತೆ ತುಂಬಲು ಅಲ್ಲ, ದಾರಿ ತಪ್ಪಿದ ಪ್ರತಿಕಾಯಗಳ ಹಾವಳಿ ತಗ್ಗಿಸಲು. ಇದನ್ನು ನಾವು ಕೊಟ್ಟ ಪದದಿಂದ ಆಕೆ ಊಹಿಸುವುದಾದರೂ ಹೇಗೆ?

ಹಾಗಾದರೆ ಬೇರೆ ಯಾವ ಪದ? ಭಾಷಣಗಳಲ್ಲಿ ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂದು ವಿವರಿಸುವುದನ್ನು ಕೇಳಿದ್ದೇನೆ. ತಟ್ಟನೆ ಅರ್ಥವಾಗುತ್ತದೆ, ನಿಜ. ಆದರೂ ನನಗೆ ಅದು ಒಪ್ಪಿಗೆಯಿಲ್ಲ. ಗಾದೆಯ ಬೇಲಿ ನಂಬಿಕೆದ್ರೋಹ ಮಾಡುತ್ತದೆ, ಇಲ್ಲಿ ದ್ರೋಹವಿಲ್ಲ. ಕ್ಯಾಂಪಿಲೋಬ್ಯಾಕ್ಟರಿನ ಹೊರಕವಚದಲ್ಲಿರುವ ಸಕ್ಕರೆಯ ಸರಪಳಿಯೊಂದು ನಮ್ಮ ನರಗಳ ಮೇಲಿರುವ ಜಿಎಂ1 ಎಂಬ ಗ್ಯಾಂಗ್ಲಿಯೋಸೈಡನ್ನು (ಸಕ್ಕರೆ ಕೂಡಿಕೊಂಡಿರುವ ಒಂದು ಕೊಬ್ಬಿನ ಅಣುವನ್ನು) ಬಹುವಾಗಿ ಹೋಲುತ್ತದೆ. ಜಪಾನಿನ ನೊಬುಹಿರೊ ಯೂಕಿ ಮತ್ತು ಸಂಗಡಿಗರು 1993ರಲ್ಲಿ ಈ ಹೋಲಿಕೆಯನ್ನು ತೋರಿಸಿಕೊಟ್ಟರು. ಬ್ಯಾಕ್ಟೀರಿಯಾವನ್ನು ಹೊಡೆಯಲು ತಯಾರಾದ ಪ್ರತಿಕಾಯ ಅದೇ ಗುರುತು ಹಿಡಿದು ಹೋಗಿ ನರಕ್ಕೆ ಅಂಟಿಕೊಳ್ಳುತ್ತದೆ. ಬೇಧಿ ನಿಂತು ಒಂದರಿಂದ ಮೂರು ವಾರದೊಳಗೆ, ಜನ ಹೊಟ್ಟೆನೋವನ್ನೇ ಮರೆತಿರುವಾಗ, ಪಾದದಿಂದ ಶುರುವಾಗಿ ಮೇಲೆ ಮೇಲೆ ಬಲ ಹೋಗುತ್ತದೆ. ಇದು ಗುರುತು ತಪ್ಪಿದ್ದರಿಂದ ಆದ ಅನಾಹುತ.

ಈ ಹೋಲಿಕೆಗೆ ‘ಅಣು ಅನುಕರಣೆ’ ಎಂದು ಬರೆದಿರುವುದನ್ನೂ ನೋಡಿದ್ದೇನೆ. ಅನುಕರಣೆ ಎಂದ ಕೂಡಲೇ ನೋಡಿ ಕಲಿತು ಮಾಡುವ ಯಾರೋ ಒಬ್ಬರು ಕಣ್ಣಿಗೆ ಬರುತ್ತಾರೆ. ‘ಹೋಲಿಕೆ’ ಎಂಬ ಮಾತೇ ಸಾಕಲ್ಲವೇ? ‘ಸೋಗು’ ಎಂದರೂ ಉದ್ದೇಶ ಒಳಗೆ ನುಸುಳುತ್ತದೆ.

‘ಆಟೋಇಮ್ಯೂನ್’ ಎಂಬುದಕ್ಕೆ ನಾನು ಸದ್ಯಕ್ಕೆ ಇಟ್ಟುಕೊಂಡಿರುವುದು ‘ಸ್ವದೇಹ ಪ್ರತಿರಕ್ಷಣಾ ಕಾಯಿಲೆ’. ‘ಸ್ವದೇಹ’ ಎಂದರೆ ಏಟು ಬೀಳುವ ಜಾಗ ತಿಳಿಯುತ್ತದೆ. ‘ಪ್ರತಿರಕ್ಷಣೆ’ ಎಂದರೆ ‘ನಿರೋಧಕ ಶಕ್ತಿ ಕಡಿಮೆ’ ಎಂಬ ಹಳೆಯ ಜಾಡಿನಿಂದ ತಪ್ಪಿಸಿಕೊಳ್ಳಬಹುದು. ಉದ್ದವಾಯಿತು, ಬಾಯಲ್ಲಿ ನಿಲ್ಲುವುದಿಲ್ಲ ಎಂದು ಗೊತ್ತಿದೆ. ‘ಮೈಮೇಲೆ ತಿರುಗಿಬಿದ್ದ ಪ್ರತಿರಕ್ಷಣೆ’ ಎಂದು ಮೊದಲ ಬಾರಿ ಬಿಡಿಸಿ ಬರೆದು, ಮುಂದೆ ಆಟೋಇಮ್ಯೂನ್ ಎಂದೇ ಇಡುವುದು ಮೇಲೇ? ವೈದ್ಯರ ಬಾಯಲ್ಲಿ ಮನೆಯವರು ಕೇಳುವುದು ಆ ಪದವನ್ನೇ.

ಇನ್ನು ‘ನರ’. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವವರು ‘ನರ ಸಿಗುತ್ತಿಲ್ಲ’ ಎನ್ನುವಾಗ ಅದು ರಕ್ತನಾಳ. ‘ನರಕ್ಕೆ ಪೆಟ್ಟಾಗಿದೆ’ ಎಂದು ಡಾಕ್ಟರು ಹೇಳಿದರೆ ರಕ್ತ ಓಡಾಡುತ್ತಿಲ್ಲವೇ ಎಂದು ಕೇಳುವವರು ಹಲವರು. ಕರಪತ್ರದಲ್ಲಿ ‘ಮಿದುಳಿನ ಅಪ್ಪಣೆಯನ್ನು ಸ್ನಾಯುವಿಗೆ ಒಯ್ಯುವ ನರ’ ಎಂದು ಒಮ್ಮೆ ಬರೆದುಬಿಟ್ಟರೆ ಗೊಂದಲ ತೀರುತ್ತದೆ. ಆದರೆ ‘ನರದೌರ್ಬಲ್ಯ’ ಎಂದು ಮಾತ್ರ ದಯವಿಟ್ಟು ಯಾರೂ ಸೂಚಿಸಬೇಡಿ. ಬಸ್ ನಿಲ್ದಾಣಗಳ ಗೋಡೆಬರಹ ಮತ್ತು ಪತ್ರಿಕೆಗಳ ಸಣ್ಣ ಜಾಹೀರಾತುಗಳು ಆ ಪದಕ್ಕೆ ಬೇರೆಯದೇ ಅರ್ಥ ಅಂಟಿಸಿ ವರ್ಷಗಳಾದವು. ಹುಡುಗನ ತಂದೆ ಅದನ್ನು ಓದಿ ನೆಂಟರ ಮುಂದೆ ಕರಪತ್ರ ಮುಚ್ಚಿಡುವ ಹಾಗಾಗಬಾರದು. ‘ಪಾರ್ಶ್ವವಾಯು’, ‘ಲಕ್ವ’ ಎರಡೂ ಸಲ್ಲವು. ಪಾರ್ಶ್ವವೆಂದರೆ ಒಂದು ಮಗ್ಗುಲು. ಜಿಬಿಎಸ್ ಎರಡೂ ಕಾಲಿಗೆ ಒಟ್ಟಿಗೆ ಬರುತ್ತದೆ. ಲಕ್ವ ಹೊಡೆದವರಿಗೆ ಕೊಡಿಸುವ ಎಣ್ಣೆ, ಮಾಲೀಷಿಗೆಂದು ಊರೂರು ಸುತ್ತಿದರೆ ದಿನಗಳು ಕಳೆಯುತ್ತವೆ. ಉಸಿರಾಟದ ಸ್ನಾಯುಗಳು ಸೋತು ನಾಲ್ವರಲ್ಲಿ ಸುಮಾರು ಒಬ್ಬರಿಗೆ ವೆಂಟಿಲೇಟರ್ ಬೇಕಾಗುವ ಕಾಯಿಲೆಯಲ್ಲಿ ಆ ದಿನಗಳೇ ಮುಖ್ಯ.

ಈಗ ‘ಕರುಳಿನ ಬ್ಯಾಕ್ಟೀರಿಯಾ’. ಈ ಷಷ್ಠಿ ವಿಭಕ್ತಿ ಎರಡು ಬೇರೆ ವಿಷಯಗಳನ್ನು ಒಂದು ಮಾಡುತ್ತಿದೆ. ನಮ್ಮ ಕರುಳಿನಲ್ಲಿ ಹುಟ್ಟಿನಿಂದ ನೆಲೆಸಿ ಜೊತೆಗೇ ಬಾಳುವವು ಒಂದು ಬಗೆ. ಕೆಟ್ಟ ನೀರು, ಸರಿಯಾಗಿ ಬೇಯದ ಕೋಳಿಮಾಂಸ, ಕಾಯಿಸದ ಹಾಲಿನ ಜೊತೆ ಒಳಗೆ ಬಂದು ಬೇಧಿ ಮಾಡಿಸುವವು ಇನ್ನೊಂದು. ಕ್ಯಾಂಪಿಲೋಬ್ಯಾಕ್ಟರ್ ಎರಡನೆಯದು. ಕೋಳಿಯ ಕರುಳಿನಲ್ಲಿ ಅದು ಯಾವ ಗಲಾಟೆಯೂ ಇಲ್ಲದೆ ಇರುತ್ತದೆ, ನಮ್ಮ ಪಾಲಿಗೆ ಮಾತ್ರ ಸೋಂಕು. ಮೊದಲನೆಯದಕ್ಕೆ ‘ಕರುಳುವಾಸಿ ಬ್ಯಾಕ್ಟೀರಿಯಾ’, ಎರಡನೆಯದಕ್ಕೆ ‘ಕರುಳಿಗೆ ಸೋಂಕುವ ಬ್ಯಾಕ್ಟೀರಿಯಾ’ ಎಂದು ಬೇರ್ಪಡಿಸಿದರೆ ಹೇಗೆ?

ಇದನ್ನು ಕೇಳುವುದಕ್ಕೆ ಕಾರಣವಿದೆ. ಇತ್ತೀಚೆಗೆ ಮಯಸ್ತೇನಿಯಾ ಗ್ರೇವಿಸ್ ಬಗ್ಗೆಯೂ ಕರುಳುವಾಸಿಗಳ ಹೆಸರು ಕೇಳಿಬರುತ್ತಿದೆ. ನರ ಮತ್ತು ಸ್ನಾಯು ಸೇರುವಲ್ಲಿ ಸಂದೇಶ ತೆಗೆದುಕೊಳ್ಳುವ ಗ್ರಾಹಕಗಳಿಗೇ ಪ್ರತಿಕಾಯಗಳು ಅಡ್ಡ ನಿಲ್ಲುವ ಕಾಯಿಲೆ ಅದು. ಬೆಳಿಗ್ಗೆ ಸರಿಯಿದ್ದ ರೆಪ್ಪೆ ಸಂಜೆಗೆ ಜೋಲುತ್ತದೆ. ಆ ರೋಗಿಗಳ ಕರುಳಿನ ಬ್ಯಾಕ್ಟೀರಿಯಾ ಸಮೂಹ ಆರೋಗ್ಯವಂತರದಕ್ಕಿಂತ ಬೇರೆಯಾಗಿರುವುದನ್ನು ಅಧ್ಯಯನಗಳು ಕಂಡಿವೆ. ಆದರೆ ಆ ವ್ಯತ್ಯಾಸ ಕಾಯಿಲೆಗೆ ಮೊದಲಿನದೋ, ಕಾಯಿಲೆ ಮತ್ತು ಔಷಧದ ನಂತರದ್ದೋ ಎಂಬುದು ತೀರ್ಮಾನವಾಗಿಲ್ಲ. ಇಂಥ ಕಡೆ ‘ಬ್ಯಾಕ್ಟೀರಿಯಾದಿಂದ ನರಸ್ನಾಯು ಕಾಯಿಲೆ’ ಎಂದು ತಲೆಬರಹ ಕೊಟ್ಟರೆ ‘ಇಂದ’ ಎಂಬ ಒಂದು ಪ್ರತ್ಯಯ ತೀರ್ಪನ್ನೇ ಕೊಟ್ಟುಬಿಡುತ್ತದೆ. ಅಲ್ಲಿ ‘ನಂಟು’ ಎಂಬುದೇ ಸರಿ. ಜಿಬಿಎಸ್ ವಿಷಯದಲ್ಲಿ ನಂಟಿಗಿಂತ ಒಂದು ಹೆಜ್ಜೆ ಮುಂದೆ ಹೋಗಬಹುದು, ಆದರೂ ‘ಉಂಟುಮಾಡುತ್ತದೆ’ ಎನ್ನಲು ಮನಸ್ಸು ಒಪ್ಪುವುದಿಲ್ಲ. ಈ ಸೋಂಕು ತಗಲಿದವರಲ್ಲಿ ಜಿಬಿಎಸ್ ಆಗುವುದು ಸುಮಾರು 1,000ಕ್ಕೆ ಒಬ್ಬರಿಗೆ. ‘ಕೆರಳಿಸುತ್ತದೆ’ ಎಂದು ಬರೆದಿದ್ದೇನೆ. ಜಿಬಿಎಸ್ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ ಎಂಬುದನ್ನು ಪ್ರತ್ಯೇಕ ವಾಕ್ಯವಾಗಿಯೇ ಇಟ್ಟಿದ್ದೇನೆ, ಏಕೆಂದರೆ ‘ಸೋಂಕು’ ಎಂಬ ಪದ ಪಕ್ಕದಲ್ಲಿದ್ದರೆ ನೆರೆಹೊರೆಯವರು ಮನೆಗೆ ಬರುವುದನ್ನೇ ನಿಲ್ಲಿಸುತ್ತಾರೆ.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ತುರ್ತಾಗಿ ಬೇಕಿರುವುದು ಕಾಯಿಲೆಯ ಮೊದಲ ಲಕ್ಷಣಕ್ಕೆ ಜನರ ಬಾಯಲ್ಲಿರುವ ಮಾತುಗಳು. ಪಾದದಲ್ಲಿ ಜೋಮು, ಜುಮುಜುಮು, ಇರುವೆ ಹರಿದಾಡಿದ ಹಾಗೆ, ಮರಗಟ್ಟಿದ ಹಾಗೆ – ಇಷ್ಟು ನನ್ನಲ್ಲಿವೆ. ಬಹುಹೊತ್ತು ಚಕ್ಕಳಮಕ್ಕಳ ಹಾಕಿ ಕುಳಿತಾಗ ಹಿಡಿಯುವ ಜೋಮು ಕಾಲು ಕೊಡವಿದರೆ ಬಿಡುತ್ತದೆ. ಇದು ಬಿಡುವುದಿಲ್ಲ, ಮರುದಿನ ಮೊಣಕಾಲಿಗೆ ಏರುತ್ತದೆ. ಈ ಎರಡನ್ನು ಬೇರೆ ಮಾಡಿ ಹೇಳುವ ಪದ ನಿಮ್ಮ ಕಡೆ ಇದೆಯೇ? ಕರಾವಳಿ, ಕಲಬುರಗಿ, ಬೆಳಗಾವಿ, ಕೊಡಗಿನ ಕಡೆಯವರು ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ಹಾಗೆಯೇ, ತಿದ್ದದೆ ಬರೆದು ಕಳುಹಿಸಿದರೆ ಉಪಕಾರವಾಗುತ್ತದೆ. ಯಾವ ಊರಿನ ಮಾತು ಎಂಬುದನ್ನೂ ಜೊತೆಗೆ ತಿಳಿಸಿ. ಆಯಾ ಜಿಲ್ಲೆಗೆ ಹೋಗುವ ಪ್ರತಿಯಲ್ಲಿ ಆಯಾ ಪದವನ್ನೇ ಅಚ್ಚು ಹಾಕಿಸುವ ಯೋಚನೆ ಇದೆ.