ಗಂಟೆಗೆ ಮೂರು ನ್ಯೂಟ್ರಿನೊ, ಜೊತೆಗೊಂದಿಷ್ಟು ಒದ್ದೆ ಹೊಟ್ಟು

ನಾಗರಾಜ: ಎಲ್ಲದರೊಳಗೂ ನುಸುಳಿ ಹೋಗುತ್ತಲ್ಲ, ಆ ನ್ಯೂಟ್ರಿನೊ ಕಣ ಹಿಡಿಯೋಕೆ ಮೊದಲು ಅಣುಬಾಂಬನ್ನೇ ಸಿಡಿಸಬೇಕು ಅಂತಿದ್ದರಂತೆ. ನಿಜವೋ, ವಾಟ್ಸಾಪ್ ವಿಶ್ವವಿದ್ಯಾಲಯದ್ದೋ?

ಶಾರದಾ: ನಿಜ ಮಾರಾಯ. ಅಮೆರಿಕದ ಅಣುಬಾಂಬ್ ಪ್ರಯೋಗಾಲಯ ಲಾಸ್ ಅಲಾಮೋಸ್‌ನ ವಿಜ್ಞಾನಿಗಳು ರೈನ್ಸ್ ಮತ್ತು ಕೋವನ್ ಹಾಕಿದ ಮೊದಲ ಲೆಕ್ಕ ಅದೇ. ಬಾಂಬು ಸಿಡಿದರೆ ನ್ಯೂಟ್ರಿನೊಗಳ ಹೊಳೆಯೇ ಹರಿಯುತ್ತಲ್ಲ. 20 ಕಿಲೋಟನ್ ಬಾಂಬು, ಅದರಿಂದ ಸುಮಾರು 40 ಮೀಟರ್ ಆಚೆ ಆಳದ ಬಾವಿ, ಬಾವಿಯೊಳಗೆ ನಿರ್ವಾತ. ಸಿಡಿದ ಗಳಿಗೆಯಲ್ಲೇ ಡಿಟೆಕ್ಟರನ್ನು ಕೈಬಿಟ್ಟುಬಿಡೋದು. ಬೀಳುತ್ತಿರೋ ವಸ್ತುವಿಗೆ ನೆಲದ ಅದುರು ತಾಗಲ್ಲವಲ್ಲ! ಕೆಳಗೆ ಹಕ್ಕಿಗರಿ, ಫೋಮ್ ರಬ್ಬರಿನ ಹಾಸು.

ನಾಗರಾಜ: ಮೊದಲ ದೀಪಾವಳಿಗೆ ಬಂದ ಅಳಿಯನಿಗೂ ಇಷ್ಟು ಉಪಚಾರ ಇರಲ್ಲ.

ಗುರು: ಒಪ್ಪಿಗೆಯೂ ಸಿಕ್ಕಿತ್ತು. ಆಮೇಲೆ 1952ರಲ್ಲಿ ತಲೆಗೆ ಹೊಳೆಯಿತು: ಒಂದು ಡಿಕ್ಕಿಗೆ ಎರಡು ಮಿಂಚು ಬರುತ್ತವೆ, ಎರಡನ್ನೂ ಹಿಡಿದರೆ ಬಾಂಬು ಬೇಡ, ರಿಯಾಕ್ಟರೇ ಸಾಕು.

ನಾಗರಾಜ: ಡಿಕ್ಕಿ ಯಾರಿಗೆ?

ಶಾರದಾ: ಪ್ರೋಟಾನಿಗೆ. ರಿಯಾಕ್ಟರಿಂದ ಬಂದ ಪ್ರತಿನ್ಯೂಟ್ರಿನೊ (ನ್ಯೂಟ್ರಿನೊದ ಪ್ರತಿಕಣ) ಪ್ರೋಟಾನಿಗೆ ಗುದ್ದಿದರೆ ಪ್ರೋಟಾನು ನ್ಯೂಟ್ರಾನ್ ಆಗುತ್ತೆ, ಜೊತೆಗೊಂದು ಪಾಸಿಟ್ರಾನ್, ಅಂದರೆ ಇಲೆಕ್ಟ್ರಾನಿನ ಪ್ರತಿಕಣ, ಹುಟ್ಟುತ್ತೆ. ನ್ಯೂಟ್ರಾನು ಪ್ರೋಟಾನಿಗಿಂತ ತುಸು ಭಾರ, ಪಾಸಿಟ್ರಾನಿಗೂ ತೂಕ ಬೇಕು. ಹಾಗಾಗಿ ಬರೋ ಕಣದ ಹತ್ತಿರ ಕನಿಷ್ಠ 18 ಲಕ್ಷ ಇಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯ ಅಳತೆ) ಇರಬೇಕು. ರಿಯಾಕ್ಟರಿನ ಬಹುಪಾಲು ಗಿರಾಕಿಗಳ ಬಳಿ ಅಷ್ಟೂ ಇರಲ್ಲ.

ಗುರು: ನೀರಲ್ಲಿ ಈ ಕೆಲಸಕ್ಕೆ ಬರೋದು ಜಲಜನಕದ ಪ್ರೋಟಾನ್ ಮಾತ್ರ. ಆಮ್ಲಜನಕದೊಳಗಿನವು ಪರಮಾಣುವಿನ ಬೀಜಕ್ಕೆ ಬಿಗಿದುಕೊಂಡಿರುತ್ತವೆ, ಅವನ್ನು ಬದಲಾಯಿಸೋಕೆ ಇನ್ನೂ ಎಷ್ಟೋ ಹೆಚ್ಚು ಶಕ್ತಿ ಬೇಕು. ಬರೀ ತೂಕಕ್ಕೆ ಕೂತಿರ್ತವೆ.

ನಾಗರಾಜ: ಎಷ್ಟು ನೀರಿಟ್ಟಿದ್ದರು?

ಶಾರದಾ: ದಕ್ಷಿಣ ಕೆರೊಲೈನಾದ ಸವಾನಾ ರಿವರ್ ರಿಯಾಕ್ಟರ್, 1956. ರಿಯಾಕ್ಟರಿಂದ 11 ಮೀಟರ್ ದೂರ, ನೆಲದಿಂದ 12 ಮೀಟರ್ ಕೆಳಗೆ. ತಲಾ 200 ಲೀಟರಿನ ಎರಡು ನೀರಿನ ತೊಟ್ಟಿ, ಮೂರು ಸಿಂಟಿಲೇಟರ್ (ಕಿರಣ ಬಿದ್ದರೆ ಮಿನುಗೋ ದ್ರವ) ತೊಟ್ಟಿಗಳ ನಡುವೆ. ಸಿಂಟಿಲೇಟರ್ ಒಂದೊಂದೂ 1400 ಲೀಟರ್, ಒಂದೊಂದಕ್ಕೂ ಆ ಮಿನುಗನ್ನು ಹಿಡಿಯೋ 110 ಫೋಟೊಮಲ್ಟಿಪ್ಲಯರ್ ಕೊಳವೆ. ನೀರಿನ ತೊಟ್ಟಿ ತೀರಾ ತೆಳು, ದಪ್ಪ ಸುಮಾರು 7 ಸೆಂಟಿಮೀಟರ್. ದಪ್ಪಗಿದ್ದರೆ ಗಾಮಾ ಕಿರಣ ಹೊರಬರೋ ಮೊದಲೇ ನೀರೇ ನುಂಗಿಬಿಡುತ್ತೆ.

ಗುರು: ಒಂದೇ ಒಂದು ಡಿಕ್ಕಿ ನೋಡು. ಪಾಸಿಟ್ರಾನ್ ಹುಟ್ಟಿದ ಜಾಗದ ಹತ್ತಿರವೇ ನಿಂತು, ಅಲ್ಲೇ ಸಿಕ್ಕ ಇಲೆಕ್ಟ್ರಾನ್ ಜೊತೆ ಸೇರಿ ಸುಟ್ಟುಹೋಗುತ್ತೆ. ಎರಡು ಗಾಮಾ, ತಲಾ 5.11 ಲಕ್ಷ ಇಲೆಕ್ಟ್ರಾನ್ ವೋಲ್ಟ್, ಒಂದಕ್ಕೊಂದು ನೇರ ವಿರುದ್ಧ ದಿಕ್ಕಿಗೆ: ಒಂದು ಮೇಲಿನ ಸಿಂಟಿಲೇಟರಿಗೆ, ಇನ್ನೊಂದು ಕೆಳಗಿನದಕ್ಕೆ. ಅದು ಮೊದಲ ಮಿಂಚು. ನ್ಯೂಟ್ರಾನಿಗೆ ಆತುರವಿಲ್ಲ. ಜಲಜನಕಕ್ಕೆ ಬಡಿದು ಬಡಿದು ನಿಧಾನವಾಗಿ, ಕೆಲವು ಮೈಕ್ರೊಸೆಕೆಂಡ್ ಆದಮೇಲೆ ನೀರಲ್ಲಿ ಕರಗಿಸಿಟ್ಟ ಕ್ಯಾಡ್ಮಿಯಂ ಬಾಯಿಗೆ ಬೀಳುತ್ತೆ. ಆಗ ಒಟ್ಟು 90 ಲಕ್ಷ ಇಲೆಕ್ಟ್ರಾನ್ ವೋಲ್ಟಿನಷ್ಟು ಗಾಮಾ ಹೊರಗೆ. ಅದು ಎರಡನೇ ಮಿಂಚು. ಎರಡೂ ಆಸಿಲೋಸ್ಕೋಪ್ ಪರದೆಯ ಮೇಲೆ ಗೀಟಾಗಿ ಬಂದರೆ ಫೋಟೊ ಹೊಡಿ.

ನಾಗರಾಜ: ಸೆಕೆಂಡಿಗೆ ಎಷ್ಟು ಬರ್ತವೆ?

ಗುರು: ಚದರ ಸೆಂಟಿಮೀಟರಿಗೆ ಹತ್ತು ಲಕ್ಷ ಕೋಟಿಗೂ ಹೆಚ್ಚು.

ನಾಗರಾಜ: ಭೇಷ್! ಹಿಡಿದಿದ್ದು?

ಗುರು: ಗಂಟೆಗೆ ಮೂರು.

ನಾಗರಾಜ: ...ಬೀದಿ ಬದಿ ಸ್ಪೀಡ್ ಕ್ಯಾಮೆರಾನೇ ವಾಸಿ.

ಗುರು: ನಗಬೇಡ. 400 ಲೀಟರಿನ ಪ್ರೋಟಾನುಗಳನ್ನು ಗುಣಿಸಿ ನೋಡಿದರೆ ಗಂಟೆಗೆ ಎಪ್ಪತ್ತರ ಆಸುಪಾಸು ಡಿಕ್ಕಿ ಆಗಿರಲೇಬೇಕು. ಆದರೆ ಎರಡೂ ಗಾಮಾ ತಪ್ಪಿಸಿಕೊಳ್ಳದೆ ಎರಡು ತೊಟ್ಟಿಗೆ ಬೀಳಬೇಕು, ನ್ಯೂಟ್ರಾನೂ ಹೇಳಿದ ಹೊತ್ತಲ್ಲಿ ಸಿಗಬೇಕು. ಇಷ್ಟೆಲ್ಲ ಷರತ್ತಿಗೆ ಉಳಿಯೋದು ನೂರಕ್ಕೆ ನಾಲ್ಕು.

ಶಾರದಾ: ಹಿಡಿಯೋದಕ್ಕಿಂತ ದೊಡ್ಡ ತಲೆನೋವು ಕಳ್ಳ ಸಿಗ್ನಲ್. 1953ರಲ್ಲಿ ಹ್ಯಾನ್‌ಫರ್ಡ್‌ನಲ್ಲಿ ಮಾಡಿದಾಗ 300 ಲೀಟರ್ ಸಿಂಟಿಲೇಟರ್, 90 ಕೊಳವೆ. ಬಾಹ್ಯಾಕಾಶದಿಂದ ಬರೋ ವಿಶ್ವಕಿರಣಗಳ ಗದ್ದಲದಲ್ಲಿ ಏನೂ ಖಚಿತವಾಗಲಿಲ್ಲ. ಆಮೇಲೇ ನೆಲದಡಿಗೆ ಇಳಿದದ್ದು. ರಿಯಾಕ್ಟರಿನ ನ್ಯೂಟ್ರಾನ್ ತಡೆಯೋಕೆ ಗರಗಸದ ಹೊಟ್ಟನ್ನು ನೀರಲ್ಲಿ ನೆನೆಸಿ ಮೂಟೆ ಮೂಟೆ ಪೇರಿಸಿದರು.

ನಾಗರಾಜ: ಹೊಟ್ಟೇ?

ಶಾರದಾ: ಹೊಟ್ಟೂ ನೀರೂ ಜಲಜನಕದ ಕಣಜ. ನ್ಯೂಟ್ರಾನಿಗೆ ತನ್ನಷ್ಟೇ ತೂಕದವನ ಜೊತೆ ಗುದ್ದಾಡಿದರೆ ಶಕ್ತಿ ಬೇಗ ಇಳಿಯುತ್ತೆ. ಸೀಸ ಗಾಮಾಗೆ ಸರಿ, ನ್ಯೂಟ್ರಾನಿಗೆ ದಂಡ.

ಗುರು: ನನಗೆ ತುಂಬ ಹಿಡಿಸಿದ್ದು ಅವರು ತಮ್ಮನ್ನೇ ಅನುಮಾನಿಸಿಕೊಂಡ ರೀತಿ. ನೀರಲ್ಲಿ ತಾಮ್ರ-64 ಕರಗಿಸಿ ನಿಜವಾದ ಪಾಸಿಟ್ರಾನ್ ಮಿಂಚು ಹೇಗಿರುತ್ತೆ ಅಂತ ಮೊದಲೇ ನೋಡಿಕೊಂಡರು. ರಿಯಾಕ್ಟರ್ ನಿಂತಾಗ ಎಣಿಸಿದರು, ಇಳಿಯಿತು. ಕ್ಯಾಡ್ಮಿಯಂ ತೆಗೆದರು, ಎರಡನೇ ಮಿಂಚು ಮಾಯ. ಪ್ರೋಟಾನುಗಳನ್ನು ಅರ್ಧಕ್ಕೆ ಇಳಿಸೋಕೆ ನೀರಿಗೆ ಭಾರಜಲ ಬೆರೆಸಿದರು, ಎಣಿಕೆಯೂ ಕುಸಿಯಿತು. ಆಮೇಲೆ 1956ರ ಜೂನ್ 14ರಂದು ಭೌತವಿಜ್ಞಾನಿ ಪೌಲಿಗೆ ತಂತಿ ಹೋಯಿತು. ಆತ 1930ರಲ್ಲಿ ಊಹಿಸಿದ್ದ ಕಣ ಅದು. ರೈನ್ಸ್‌ಗೆ ನೊಬೆಲ್ ಬಂದದ್ದು 1995ರಲ್ಲಿ, ಕೋವನ್ ಅಷ್ಟರಲ್ಲಿ ತೀರಿಕೊಂಡಿದ್ದರು.

ನಾಗರಾಜ: ಈಗಲೂ ಇದೇ ಕ್ಯಾಡ್ಮಿಯಂ ಕಷಾಯವೇ?

ಶಾರದಾ: ಈಗ ಗ್ಯಾಡೊಲಿನಿಯಂ. ಶೇ 0.1 ಬೆರೆಸಿದರೆ ನ್ಯೂಟ್ರಾನ್ 30 ಮೈಕ್ರೊಸೆಕೆಂಡಿನಲ್ಲಿ ಸಿಗುತ್ತೆ, 80 ಲಕ್ಷ ಇಲೆಕ್ಟ್ರಾನ್ ವೋಲ್ಟಿನ ಗಾಮಾ ಕೊಡುತ್ತೆ. ಏನೂ ಬೆರೆಸದೇ ಇದ್ದರೆ ಜಲಜನಕವೇ ಹಿಡಿಯುತ್ತೆ, ಆದರೆ 200 ಮೈಕ್ರೊಸೆಕೆಂಡ್ ಕಾಯಬೇಕು, ಸಿಗೋದು 22 ಲಕ್ಷದ ಗಾಮಾ ಮಾತ್ರ. ಅಷ್ಟು ಕಮ್ಮಿಯಾದರೆ ಕೊಳವೆಯ ಗಾಜಿನಲ್ಲಿರೋ ಪೊಟ್ಯಾಸಿಯಂ, ಥೋರಿಯಂಗಳ ಕಿರಣವೂ ಅದರ ಪಕ್ಕದಲ್ಲೇ ಕೂತಿರುತ್ತೆ.

ಗುರು: ಲೆಕ್ಕ ಹಾಕು. ಮೊದಲ ಮಿಂಚಿನಂತೆ ಕಾಣೋದು ಸೆಕೆಂಡಿಗೆ 50, ಎರಡನೆಯದರಂತೆ ಕಾಣೋದು ನಿಮಿಷಕ್ಕೆ 1, ಕಾಯೋ ಕಿಟಕಿ 100 ಮೈಕ್ರೊಸೆಕೆಂಡ್ ಅಂತಿಟ್ಟುಕೊ. ಸುಮ್ಮನೆ ಜೋಡಿ ಬಿದ್ದವೇ ದಿನಕ್ಕೆ ಏಳು! ಎರಡು ಮಿಂಚೂ ಹತ್ತಿರ ಹತ್ತಿರ ಜಾಗದಲ್ಲಿ ಬಿದ್ದಿರಬೇಕು ಅಂತ ಷರತ್ತು ಹಾಕಿದರೆ ಹೆಚ್ಚಿನವು ಉದುರುತ್ತವೆ. ಉಳಿದವು ಎಷ್ಟು ಅಂತ, ಅಸಲಿ ಜೋಡಿ ಇರಲಾಗದಷ್ಟು ದೂರಕ್ಕೆ ಸಮಯದ ಕಿಟಕಿ ಸರಿಸಿ ಎಣಿಸಿ, ಅಷ್ಟನ್ನು ಕಳೆದುಬಿಡೋದು.

ಶಾರದಾ: ಅದು ಸುಲಭದ ಕಳ್ಳ. ಖತರ್ನಾಕ್ ಕಳ್ಳ ಲಿಥಿಯಂ-9. ವಿಶ್ವಕಿರಣದಿಂದ ಬರೋ ಮ್ಯೂಆನ್ ಕಣ ಸಿಂಟಿಲೇಟರಿನ ಇಂಗಾಲಕ್ಕೆ ಬಡಿದಾಗ ಹುಟ್ಟುತ್ತೆ, ಸೆಕೆಂಡಿನ ಆರನೇ ಒಂದು ಭಾಗ ಅರ್ಧಾಯುಷ್ಯ, ಸಾಯುವಾಗ ಸುಮಾರು ಅರ್ಧದಷ್ಟು ಸಲ ಇಲೆಕ್ಟ್ರಾನೂ ನ್ಯೂಟ್ರಾನೂ ಎರಡನ್ನೂ ಬಿಡುತ್ತೆ. ಥೇಟ್ ನಮ್ಮ ಜೋಡಿಯೇ! ಮ್ಯೂಆನ್ ಹೋದ ದಾರಿಯ ಸುತ್ತ ಒಂದಿಷ್ಟು ಹೊತ್ತು ಬಂದದ್ದನ್ನೆಲ್ಲ ಎಸೆಯಬೇಕು, ಜೊತೆಗೆ ಅಸಲಿಯೂ ಕೆಲವು ಹೋಗುತ್ತವೆ. ಆಳಕ್ಕೆ ಹೋದಷ್ಟೂ ಮ್ಯೂಆನ್ ಕಮ್ಮಿ.

ನಾಗರಾಜ: ಆಳ ಅಂದರೆ ನಮ್ಮ ಕೆಜಿಎಫ್ ಇದೆಯಲ್ಲ!

ಗುರು: ಇತ್ತು. 1965ರಲ್ಲಿ ಚಾಂಪಿಯನ್ ರೀಫ್‌ನಲ್ಲಿ, 2.3 ಕಿಲೋಮೀಟರ್ ಕೆಳಗೆ, ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಂ ಸೇರಿದ ತಂಡ ವಾಯುಮಂಡಲದ ನ್ಯೂಟ್ರಿನೊ ಕಂಡಿತು. ಅದು ಬಂಡೆಗೆ ಗುದ್ದಿ ಹುಟ್ಟಿಸಿದ ಮ್ಯೂಆನಿನ ಜಾಡು, ಈ ಜೋಡಿ ಮಿಂಚಲ್ಲ. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲೂ ಕಂಡರು. ಆ ತಂಡದಲ್ಲಿದ್ದದ್ದು ಇದೇ ರೈನ್ಸ್.

ನಾಗರಾಜ: ಈಗ ಎಲ್ಲಿ?

ಶಾರದಾ: ಚೀನಾದ ಗ್ವಾಂಗ್‌ಡಾಂಗಿನಲ್ಲಿ ಜೂನೊ ಅನ್ನೋ ಡಿಟೆಕ್ಟರ್. 35.4 ಮೀಟರ್ ಅಗಲದ ಅಕ್ರಿಲಿಕ್ ಗೋಳ, 20,000 ಟನ್ ಸಿಂಟಿಲೇಟರ್. 2025ರ ಆಗಸ್ಟಿನಿಂದ ಎಣಿಸುತ್ತಿದೆ. ದಿನಕ್ಕೆ ಐವತ್ತರ ಆಸುಪಾಸು ನಿರೀಕ್ಷೆ.

ನಾಗರಾಜ: 400 ಲೀಟರಿಗೆ ಗಂಟೆಗೆ ಎಪ್ಪತ್ತು ಅಂದೆ, 20,000 ಟನ್ನಿಗೆ ದಿನಕ್ಕೆ ಐವತ್ತೇ?

ಗುರು: ಅಲ್ಲಿ ದೂರ 11 ಮೀಟರ್, ಇಲ್ಲಿ 53 ಕಿಲೋಮೀಟರ್. ದೂರದ ವರ್ಗಕ್ಕೇ 2.3 ಕೋಟಿ ಪಟ್ಟು ತೆಳು. ಅಷ್ಟು ದೂರ ಬೇಕಂತಲೇ ಆರಿಸಿದ್ದು, ಅಲ್ಲಿಗೆ ಬರೋ ಹೊತ್ತಿಗೆ ಬಹುಪಾಲು ಬೇರೆ ಜಾತಿಯ ನ್ಯೂಟ್ರಿನೊ ಆಗಿಬಿಟ್ಟಿರುತ್ತವೆ. ಯಾವ ಶಕ್ತಿಯಲ್ಲಿ ಎಷ್ಟು ಕಾಣೆಯಾದವು ಅನ್ನೋದರ ಏರಿಳಿತದಲ್ಲಿ ನ್ಯೂಟ್ರಿನೊಗಳ ಮೂರು ದ್ರವ್ಯರಾಶಿಗಳಲ್ಲಿ ಯಾವುದು ಹಗುರ, ಯಾವುದು ಭಾರ ಅನ್ನೋ ಕ್ರಮ ಅಡಗಿದೆ.

ನಾಗರಾಜ: ಅಂದರೆ ಬರೋದು ಕಮ್ಮಿ, ಬಂದಿದ್ದು ಸಿಗಲ್ಲ, ಸಿಕ್ಕಿದ್ದರಲ್ಲಿ ಕಳ್ಳರು, ಇವರು ಎಣಿಸೋದು ಬಾರದೇ ಇದ್ದವರನ್ನ!

ಶಾರದಾ: ಈಗ ಸರಿಯಾಗಿ ಹೇಳಿದೆ ನೋಡು.