ಸಹಾಯ ಬೇಕು: ಸಾಲ್ಯಾಗ ಮಗನ್ನ ಕಾಡ್ಲಿಕತ್ತಾರ, ದೂರು ಎಲ್ಲಿ ಕೊಡಬೇಕ್ರೀ?

ಎಲ್ಲಾರಿಗೂ ನಮಸ್ಕಾರ್ರೀ. ನಾವು ವಿಜಯಪುರದವ್ರು. ಮಗ ಇಲ್ಲೇ ಒಂದು ಖಾಸಗಿ ಸಾಲ್ಯಾಗ ಏಳನೇತ್ತೆ ಓದ್ತಾನ. ಮಾತಾಡುವಾಗ ಸ್ವಲ್ಪ ತೊದಲ್ತಾನ, ಅದಕ್ಕ ಮೂರು ಹುಡುಗ್ರು ಜೂನ್‌ದಿಂದ ಬೆನ್ನು ಹತ್ಯಾರ. ಹ್ವಾದ ವಾರ ಡಬ್ಬಿ ತೊಳ್ಯಾಕ ತಗದ್ರ ರೊಟ್ಟಿ ಹಂಗೇ ಇತ್ತು, ಪಲ್ಲೆದಾಗ ಉಸುಕು. ಕೇಳಿದ್ರ "ಹಸಿವಿರಲಿಲ್ಲವ್ವಾ" ಅಂದ. ಕಳ್ಳು ಚುರುಕ್ ಅಂತು ನನಗ. ಈಗ ದಿನಾ ಮುಂಜಾನೆ ಹೊಟ್ಟಿ ನೂಸ್ತದ ಅಂತಾನ. ಡಾಕ್ಟರ್ ನೋಡಿ, ಹೊಟ್ಟ್ಯಾಗ ಏನಿಲ್ಲ, ಹುಡುಗ ಅಂಜ್ಯಾನ ಅಂದ್ರು.

ಕ್ಲಾಸ್ ಟೀಚರಿಗೆ ಎರಡು ಸಲ ಹೇಳಿದೆ. ಹೆಡ್‌ಮಾಸ್ತರಿಗೆ ಬರದು ಕೊಟ್ಟೆ. ಅರ್ಜಿ ತಗೊಂಡ್ರು, ನನ್ನ ಪ್ರತಿ ಮ್ಯಾಲೆ ಸಹಿ ಹಾಕಲಿಲ್ಲ. "ಹುಡುಗ್ರ ಆಟ ಅದು. ಸರಿ ಬರ್ಲಿಲ್ಲಂದ್ರ ಟಿಸಿ ಒಯ್ಯಿರಿ" ಅಂದ್ರು. ನನ್ನ ಮಗ ಯಾಕ ಸಾಲಿ ಬಿಡಬೇಕ್ರೀ? 2009ರ ಶಿಕ್ಷಣ ಹಕ್ಕು ಕಾಯ್ದೆ 16ನೇ ಕಲಂ ಪ್ರಕಾರ ಎಂಟನೇತ್ತೆ ಮುಗಿಯೂ ತನಕ ಮಗೂನ್ನ ಸಾಲಿಯಿಂದ ಹೊರಗ ಹಾಕೂ ಹಂಗಿಲ್ಲ ಅಂತ ಓದೇನಿ.

ಅವೂ ಮಕ್ಳೇ, ಅವರ ಮ್ಯಾಲೆ ಕೇಸ್ ಆಗೂದು ನನಗ ಬ್ಯಾಡ. ಸಾಲಿಯವ್ರು ಹೊಣಿ ಹೊತ್ತು ಇದನ್ನ ನಿಲ್ಲಿಸಬೇಕು, ಅಷ್ಟೇ. ಹಂಗಾದ್ರ ಮೊದಲ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಅರ್ಜಿ ಕೊಡ್ಲ್ಯೋ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ, ಇಲ್ಲಾ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ಲ್ಯೋ? ಇದನ್ನ ಮಾಡಿದವ್ರು ಯಾರರೆ ಇದ್ರ, ಅರ್ಜಿದಾಗ ಏನೇನು ಬರದ್ರಿ ಹೇಳ್ತೀರೇನ್ರೀ?